ಟ್ರ್ಯಾಕ್ಟರ್ ನಟರಾಜನ ಸ್ಟುಡಿಯೋದಲ್ಲಿ ಹಸೆ ಪದ

ಅನಸೂಯಮ್ಮ: ದನಿ ನಂದು. ಅದನ್ನ ಯಾರ ಕೈಲಿ ಕೊಡ್ಬೇಕು ಅನ್ನೋದೂ ನಂಗೇ ಬುಟ್ಟಿದ್ದು. ನೀವ್ಯಾಕೆ ಮೆಟ್ಲಿಗೆ ಅಡ್ಡ ನಿಂತಿದ್ದೀರಿ?

ಪುಟ್ಟರಾಜು: ಅಡ್ಡ ನಿಂತಿಲ್ಲ ಕಣಮ್ಮಿ, ಮಂಡಿ ಇಡ್ಕಂಡದೆ. ಆದ್ರೂವೆ ಒಂದು ಮಾತು ಏಳ್ತೀನಿ ಕೇಳು. ಇದು ಮರ್ಯಾದಸ್ತರು ಬರೋ ಜಾಗ ಅಲ್ಲ.

ಅನಸೂಯಮ್ಮ: ಅಂಗಾರೆ ನಿಮಗೇನು ತೊಂದ್ರೆ? ಧಾರಾಳವಾಗಿ ಬರಬೋದು. ಅತ್ತಿ ಮ್ಯಾಕೆ.

ಹಾಸನದ ಪೇಟೆ ಬೀದಿಯಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಟರಾಜನ ರೆಕಾರ್ಡಿಂಗ್ ಸ್ಟುಡಿಯೋ. ಮೆಟ್ಟಿಲ ಮೇಲಿನ ಈ ಗಲಾಟೆಗೆ ಅವನು ಬಾಗಿಲು ಅರ್ಧ ತೆರೆದು ಕಿವಿಗೊಟ್ಟ. ಹತ್ತಾರು ವರ್ಷದಿಂದ ದನಿಗಳನ್ನೇ ನಂಬಿ ಬದುಕಿದವನು. ಅವನ ಕಿವಿಗೆ ಮೊದಲು ಬಿದ್ದದ್ದು ಜಗಳವಲ್ಲ, ಆ ಹೆಂಗಸಿನ ಕಂಠ. ನೀರು ತುಂಬಿದ ಹಿತ್ತಾಳೆ ಕೊಡವನ್ನು ಬೆರಳಿನಿಂದ ತಟ್ಟಿದರೆ ಹೇಗೋ ಹಾಗಿತ್ತು. ಇಂಥ ಕಂಠ ಬಾಗಿಲಿಗೆ ಬಂದು ವಾಪಸು ಹೋದೀತೆಂದು ಹೆದರಿ ಅವನು ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಗೆ ಬಂದ.

ನಟರಾಜ: ಬನ್ನಿ ಬನ್ನಿ. ಅನಸೂಯಮ್ಮನವರಲ್ವಾ? ಕೊಣನೂರು ಕಡೆಯಿಂದ ಫೋನ್ ಮಾಡಿದ್ರಲ್ಲ, ಹಸೆ ಪದ ರೆಕಾರ್ಡ್ ಮಾಡಿಸಬೇಕು ಅಂತ?

ಅನಸೂಯಮ್ಮ: ಊ ಸಾ, ನಾನೇಯ. ಇವ್ರು ನಮ್ಮನೆಯವ್ರು. ಇವ್ರ ಮಾತಿಗೆ ನೀವು ಕಿವಿ ಕೊಡಬ್ಯಾಡಿ.

ಪುಟ್ಟರಾಜು: ಕೊಡ್ಲಿ ಬುಡು. ಕಿವಿ ಇಟ್ಕಂಡೇ ಅಲ್ವಾ ಅಂಗಡಿ ತೆರ್ದಿರೋದು. ಏನಪ್ಪಾ, ನೀನೇನಾ ನಟರಾಜ?

ಅನಸೂಯಮ್ಮ: ಏಕವಚನ ಬ್ಯಾಡ ಅಂತ ಬಸ್ಸಲ್ಲೇ ಏಳಿದ್ದೆ ನಿಮಗೆ.

ಪುಟ್ಟರಾಜು: ವಚನ ಮಾಡೋನಿಗೆ ಏಕವಚನ ಆದ್ರೇನು, ಬಹುವಚನ ಆದ್ರೇನು?

ಅನಸೂಯಮ್ಮ: ನೋಡಿ ಸಾ, ವಚನದ ನಟರಾಜರು ನೀವೇ ಅಂತ ಇವ್ರಿಗೂ ಗೊತ್ತು. ನಾನು ದಿನಾ ಬೆಳಗ್ಗೆ ಹಾಲು ಕರೆಯೋವಾಗ ನಿಮ್ಮ ವಚನಾನೇ ಫೋನಲ್ಲಿ ಆಕ್ಕೊಳ್ಳೋದು. ಅದು ಕೇಳ್ದೇ ಇದ್ರೆ ನಮ್ಮ ಕೆಂಪಿ ಹಾಲೇ ಬುಡಾಕಿಲ್ಲ.

ನಟರಾಜನಿಗೆ ಎದೆ ತುಂಬಿ ಬಂತು. ಆ ವಚನಗಳಿಗೆ ಅವನು ಜೀವ ತೇಯ್ದಿದ್ದ. ರೆಕಾರ್ಡ್ ಪ್ರೊಡ್ಯೂಸರ್ ಎಂದರೆ ಹಾಗೆಯೇ. ಹಾಡು ಹುಡುಕಬೇಕು, ಹಾಡುವವರನ್ನು ಹಿಡಿದು ತರಬೇಕು, ವಾದ್ಯ ಕೂಡಿಸಬೇಕು, ಹಾಡುವವರ ಮುನಿಸು ಇಳಿಸಬೇಕು, ಕೊನೆಗೆ ಎಲ್ಲವನ್ನೂ ಹದ ಮಾಡಿ ಊರಿಗೆ ಬಿಡಬೇಕು. ಕ್ಯಾಸೆಟ್ ಕಾಲದಲ್ಲಿ ಶುರುಮಾಡಿದ್ದ, ಈಗ ಯೂಟ್ಯೂಬಿಗೆ ಬಂದಿದ್ದ. ಕೇಳಿದ್ದಕ್ಕೆಲ್ಲ ಇಲ್ಲ ಅನ್ನದೆ ಮಾಡಿಕೊಟ್ಟಿದ್ದ. ಅದರಿಂದಲೇ ಒಂದು ಸಂಕಟವೂ ಇತ್ತು. ಒಂದೊಂದು ತಾಲ್ಲೂಕಿನಲ್ಲಿ ಅವನಿಗೆ ಒಂದೊಂದು ಹೆಸರು.

ಪುಟ್ಟರಾಜು: ಆ ವಚನದ ನಟರಾಜ ಬೇರೆ ಇರ್ಬೇಕು ಕಣಮ್ಮಿ. ಇವ್ನು ಟ್ರ್ಯಾಕ್ಟರ್ ನಟರಾಜ.

ಅನಸೂಯಮ್ಮ: ಟ್ರ್ಯಾಕ್ಟರ್ ನಟರಾಜ ಯಾವನೋ ಪೋಲಿ. ಇವ್ರ ಮಖ ನೋಡಿ, ಅಣೇಲಿ ವಿಬೂತಿ ನೋಡಿ.

ಪುಟ್ಟರಾಜು: ಕೇಳೇಬುಡಾನ ತಡಿ. ಏನಪ್ಪಾ, 'ಕ್ಲಚ್ಚು ಬಿಡೇ ಕಮಲಿ' ಅಂತ ಒಂದು ಟ್ರ್ಯಾಕ್ಟರ್ ಹಾಡೈತಲ್ಲ, ಅದನ್ನ ಮಾಡಿದ್ದು ಯಾರು?

ನಟರಾಜ: ಅದೂ ನಾನೇ ಯಜಮಾನ್ರೇ.

ಕೆಳಗಿನ ಅಂಗಡಿಯಲ್ಲಿ ಒಂದು ತಟ್ಟೆ ಬಿದ್ದು, ಗಿರಗಿರನೆ ಸುತ್ತಿ, ನಿಂತಿತು. ಅನಸೂಯಮ್ಮ ಒಮ್ಮೆ ವಿಭೂತಿಯನ್ನೂ ಒಮ್ಮೆ ಗಂಡನನ್ನೂ ನೋಡಿದರು. ನಟರಾಜ ಬಾಗಿಲು ಪೂರ್ತಿ ತೆರೆದು, ಇಬ್ಬರನ್ನೂ ಒಳಗೆ ಕರೆದು, ಬೆಂಚಿನ ಮೇಲೆ ಕೂರಿಸಿದ.

ಪುಟ್ಟರಾಜು: ಕೇಳ್ಕಂಡ? ಅರಕಲಗೂಡು ಸೀಮೇಲಿ ಆ ಹಾಡಿಲ್ದೆ ಒಂದು ಮದ್ವೆ ಮೆರವಣಿಗೆ ಮುಂದಕ್ಕೋಗಾಕಿಲ್ಲ. ನಮ್ಮ ಚನ್ನಪ್ಪ, ಮೊಮ್ಮಕ್ಕಳು ಕಂಡ ಮನುಸ, ಆ ಹಾಡಿಗೆ ಕುಣ್ದು ಕುಣ್ದು ಪಂಚೆ ಬಿಚ್ಚೋದ್ರೂ ಗ್ಯಾನ ಇರ್ನಿಲ್ಲ.

ಅನಸೂಯಮ್ಮ: ಚನ್ನಪ್ಪಣ್ಣ ಪಂಚೆ ಸರಿಯಾಗಿ ಉಡ್ದೇ ಇದ್ರೆ ಹಾಡು ಏನು ಮಾಡೀತು? ಅವ್ರ ಪಕ್ಕದಲ್ಲಿ ಟವಲು ತಿರುಗಿಸ್ಕಂಡು ಕುಣೀತಿದ್ದೋರು ಯಾರು, ಅದನ್ನ ಏಳಿ.

ಪುಟ್ಟರಾಜು: ನಾನು ಅವ್ನ ಪಂಚೆ ಎತ್ತಿಕೊಡಾಕೆ ಓಗಿದ್ದು.

ಅನಸೂಯಮ್ಮ: ಪಂಚೆ ಬಿಚ್ಚೋಕೆ ಮುಂಚೆನೇ ಓಗಿದ್ರಿ.

ನಟರಾಜ: ಯಜಮಾನ್ರೇ, ನಾನು ಪ್ರೊಡ್ಯೂಸರ್. ಯಾವ ಹಾಡು ಬಂದ್ರೂ ಅದಕ್ಕೆ ತಕ್ಕಂಗೆ...

ಪುಟ್ಟರಾಜು: ಪ್ರೊಡ್ಯೂಸರ್ ಅಂದ್ರೇನು? ಉತ್ಪಾದಕ. ನಂಗೂ ಗೊತ್ತು. ನಾನೂ ಉತ್ಪಾದಕನೇ. ಹಾಲು ಉತ್ಪಾದಕರ ಸಂಘದಲ್ಲಿ ಡೈರೆಕ್ಟರೂ ಆಗಿದ್ದೀನಿ.

ಅನಸೂಯಮ್ಮ: ಅಯ್ಯೋ ಶಿವನೇ, ಹಾಲು ಬೇರೆ ಹಾಡು ಬೇರೆ.

ಪುಟ್ಟರಾಜು: ಏನೂ ಬೇರೆ ಇಲ್ಲ. ನಮ್ಮ ಹಾಲಿಗೆ ಡಿಗ್ರಿ ನೋಡ್ತಾರೆ, ಫ್ಯಾಟು ನೋಡ್ತಾರೆ. ನೀರು ಬೆರೆಸಿದ್ರೆ ಕ್ಯಾನು ವಾಪಸ್ಸು. ಇವ್ರು ಹಾಡಿಗೆ ಡಬಡಬ ಡಬಡಬ ಬೆರೆಸ್ತಾರಲ್ಲ, ಅದನ್ನ ಯಾರು ನೋಡ್ತಾರೆ? ನಾಳೆ ನಿನ್ನ ಹಸೆ ಪದಕ್ಕೂ ಅದನ್ನೇ ಬೆರೆಸಿದ್ರೆ? ಹೆಣ್ಣು ಹಸೆಗೆ ಬರೋ ಬದ್ಲು ಟ್ರ್ಯಾಕ್ಟರ್ ಅತ್ತಿ ಓಯ್ತಾಳೆ.

ನಟರಾಜ: ಬೆರೆಸಲ್ಲ. ಅಮ್ಮ ಒಪ್ಪದೆ ಒಂದು ತಾಳದ ಸದ್ದೂ ಹಾಕಲ್ಲ.

ಪುಟ್ಟರಾಜು: ಒಪ್ಪಿಸೋದ್ರಲ್ಲಿ ನೀವು ಗಟ್ಟಿಗರು. ಹೊಳೆನರಸೀಪುರದ ಕಡೆ ಸೊಸೈಟಿ ಎಲೆಕ್ಷನ್‌ನಾಗೆ ಏನು ಮಾಡಿದ್ರಿ? ನಮ್ಮ ಷಡ್ಡಕ ನಿಂತಿದ್ರು. ಅವ್ರಿಗೂ ಹಾಡು ಮಾಡ್ಕೊಟ್ರಿ, ಎದುರಾಳಿಗೂ ಮಾಡ್ಕೊಟ್ರಿ.

ನಟರಾಜ: ಇಬ್ಬರೂ ಬಂದು ಕೇಳಿದ್ರು ಯಜಮಾನ್ರೇ.

ಪುಟ್ಟರಾಜು: ಕೇಳಿದ್ರು ಅಂತ ಇಬ್ರಿಗೂ ಒಂದೇ ರಾಗಾನಾ? ಸರ್ಕಲ್ಲಲ್ಲಿ ಎರಡು ಆಟೋ ಎದುರುಬದುರು ಬಂದ್ವು. ನಮ್ಮ ಷಡ್ಡಕನ ಜನ ರಾಗ ಕೇಳ್ಕಂಡು ಎದುರಾಳಿ ಆಟೋ ಹಿಂದೆ ಓದ್ರು. ಅಲ್ಲಿ ಕಾಫಿ ತಿಂಡಿ ಚೆನ್ನಾಗಿತ್ತು ಅಂತ ಅಲ್ಲೇ ಉಳ್ಕಂಡ್ರು!

ಅನಸೂಯಮ್ಮ: ತಿಂಡಿ ಮಾಡಿಸ್ದೇ ಇದ್ದದ್ದು ನಿಮ್ಮ ಷಡ್ಡಕನ ತಪ್ಪು. ರಾಗದ ತಪ್ಪಲ್ಲ.

ಪುಟ್ಟರಾಜು: ಮುಗೀನಿಲ್ಲ ಇನ್ನೂ. ಚನ್ನರಾಯಪಟ್ಟಣದಲ್ಲಿ ಮಗಳ ಮನೇಲಿ ಕಾಫಿ ಕುಡೀತಾ ಕುಂತಿದ್ದೆ. ಬೀದೀಲಿ ಇಂಪಾದ ಹಾಡು. ದೇವ್ರ ಉತ್ಸವ ಅಂತ ಎದ್ದು, ಚಪ್ಪಲಿ ಬಿಟ್ಟು, ಕೈ ಮುಕ್ಕಂಡು ಬಾಗ್ಲಿಗೆ ಬಂದು ನಿಂತೆ. ನೋಡಿದ್ರೆ ಕಸದ ಗಾಡಿ! ಹಸಿ ಕಸ ಬೇರೆ, ಒಣ ಕಸ ಬೇರೆ ಅಂತ. ಮಗಳು ಅಂದ್ಲು, ಅಪ್ಪಾ ಇದೂ ನಟರಾಜರದ್ದೇ ಅಂತ.

ನಟರಾಜ: ಆ ರಾಗ ಬಹಳ ಯೋಚನೆ ಮಾಡಿ ಹಾಕಿದ್ದು. ಜನ ಮುಖ ಸಿಂಡರಿಸದೆ ಹೊರಗೆ ಬರಲಿ ಅಂತ.

ಪುಟ್ಟರಾಜು: ಬಂದೆ ಬಂದೆ. ಕೈ ಮುಕ್ಕಂಡೇ ಬಂದೆ.

ಅನಸೂಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಟರಾಜನಿಗೂ ನಗು ಬಂತು. ಆದರೆ ಮುದುಕನ ಪ್ರತಿ ಮಾತೂ ಒಳಗೆ ಚುಚ್ಚುತ್ತಲೇ ಇತ್ತು. ಎಲ್ಲ ಬಗೆಯ ಹಾಡನ್ನೂ ಮಾಡಬಲ್ಲೆ ಎಂಬ ಹೆಮ್ಮೆ ಅವನಿಗಿತ್ತು. ಯಾರಾದರೂ ಮಾತಿಗೆ ನಿಂತಾಗಲೆಲ್ಲ ಅದೇ ಅಪವಾದವೂ ಆಗುತ್ತಿತ್ತು. ಇವತ್ತು ಈ ಹಸೆ ಪದವನ್ನಾದರೂ ಯಾರೂ ಬೊಟ್ಟು ಮಾಡದ ಹಾಗೆ ಮಾಡಬೇಕು ಅಂದುಕೊಂಡ. ಮದುವಣಗಿತ್ತಿಯನ್ನೋ ಮದುಮಗನನ್ನೋ ಹಸೆಮಣೆಗೆ ಕರೆಯುವ ಆ ಪದಗಳನ್ನು ಒಬ್ಬಾಕೆ ಎತ್ತಿ ಹಾಡಬೇಕು, ಸುತ್ತಲಿನ ಹೆಂಗಸರು 'ಸೋಬಾನವೇ' ಎಂದು ದನಿಗೂಡಿಸಬೇಕು. ಅದು ಅವನಿಗೆ ಗೊತ್ತಿತ್ತು.

ನಟರಾಜ: ಅಮ್ಮ, ದನಿಗೂಡಿಸೋಕೆ ಹೆಂಗಸರು ಯಾರೂ ಬರಲಿಲ್ವಾ?

ಅನಸೂಯಮ್ಮ: ಶುಂಠಿ ಕೀಳೋ ಕಾಲ ಸಾ, ಒಬ್ರೂ ಬರಾಕಾಗಾಕಿಲ್ಲ ಅಂದ್ರು.

ನಟರಾಜ: ಹಾಗಾದ್ರೆ ಕೆಲಸ ಮುಗಿದ ಮೇಲೆ, ಎಲ್ಲರನ್ನೂ ಕರ್ಕೊಂಡು ಬನ್ನಿ. ಅವಸರ ಏನಿದೆ?

ಪುಟ್ಟರಾಜು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಅನಸೂಯಮ್ಮ ಕತ್ತಿಗೆ ಸುತ್ತಿದ್ದ ಸೆರಗನ್ನು ಸ್ವಲ್ಪ ಸರಿಸಿದರು. ಗಂಟಲ ಕೆಳಗೆ ನಿಂಬೆಹಣ್ಣಿನ ಗಾತ್ರದ ಗಡ್ಡೆ.

ಅನಸೂಯಮ್ಮ: ಬರೋ ವಾರ ಇಲ್ಲೇ ಹಾಸನದ ಆಸ್ಪತ್ರೇಲಿ ತೆಗೀತಾರೆ ಸಾ. ಕೆಟ್ಟದ್ದೇನಲ್ಲವಂತೆ. ಆದ್ರೆ ದನಿ ಇಂಗೇ ಇರ್ತದೆ ಅಂತ ಏಳಾಕಾಗಾಕಿಲ್ಲ ಅಂದ್ರು ಡಾಕ್ಟ್ರು. ಅದಕ್ಕೇ ಮುಂಚೇನೇ...

ಪುಟ್ಟರಾಜು: ಏನೂ ಆಗಾಕಿಲ್ಲ! ಡಾಕ್ಟ್ರು ಅಂದ್ಮೇಲೆ ಏನಾರ ಒಂದು ಏಳ್ಲೇಬೇಕು, ಏಳ್ತಾರೆ. ನೀನು ಅದನ್ನೇ ಇಡ್ಕಂಡು ಓಡಿ ಬಂದ್ಬುಟ್ಟೆ.

ಅನಸೂಯಮ್ಮ: ಆಗ್ದೇ ಇದ್ರೆ ಒಳ್ಳೇದೇ. ತುಂಬಿಸಿ ಮಡಗಿದ್ರೆ ನಿಮ್ಮ ಗಂಟೇನು ಓಯ್ತದೆ?

ಪುಟ್ಟರಾಜು: ದನಿ ಓಯ್ತದೆ ಅಂತ ನಾವೇ ಒಪ್ಕಂಡಂಗೆ ಆಯ್ತದೆ! ಊರಿಗೆ ಓಗೋರು ಬುತ್ತಿ ಕಟ್ಕಂಡಂಗೆ ದನಿ ಕಟ್ಟಿ ಮಡಗಾಕೆ ಬಂದವ್ಳೆ. ಎಲ್ಗೆ ಓಯ್ತೀಯ ನೀನು? ಮನೇಲೇ ತಾನೇ ಇರ್ತೀಯ?

ಮುದುಕ ಹೆಗಲ ಮೇಲಿನ ಟವೆಲಿನಿಂದ ಬೇಕಿಲ್ಲದಿದ್ದರೂ ಮುಖ ಒರೆಸಿಕೊಂಡ. ನಟರಾಜನಿಗೆ ಆಗ ತಿಳಿಯಿತು. ಟ್ರ್ಯಾಕ್ಟರು, ಷಡ್ಡಕನ ಸೋಲು, ಕಸದ ಗಾಡಿ ಎಲ್ಲವೂ ನೆಪ. ಈತ ಬೈಯುತ್ತಿದ್ದುದು ನಟರಾಜನನ್ನಲ್ಲ, ಆಪರೇಷನ್ನನ್ನು. ಅದು ಎದುರಿಗೆ ಸಿಕ್ಕಿರಲಿಲ್ಲ, ಇವನು ಸಿಕ್ಕಿದ್ದ.

ನಟರಾಜ: ಯಜಮಾನ್ರೇ, ಹೋಗುತ್ತೆ ಅಂತ ಯಾರೂ ದನಿ ರೆಕಾರ್ಡ್ ಮಾಡಿಸಲ್ಲ. ಚೆನ್ನಾಗಿದೆ ಅಂತ ಮಾಡಿಸ್ತಾರೆ. ಆ ಕ್ಲಚ್ಚಿನ ಹಾಡು ಹಾಡಿದ ಹುಡುಗನ ಗಂಟಲು ಇನ್ನೂ ಗಟ್ಟಿಮುಟ್ಟಾಗೇ ಇದೆ.

ಪುಟ್ಟರಾಜು: ಅದೇ ಅಲ್ವಾ ಬೇಜಾರು.

ನಟರಾಜ: ಒಂದು ಕೆಲಸ ಮಾಡಿ. ನೀವು ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ. ನಾನು ಏನಾದ್ರೂ ಬೆರೆಸಿದ್ರೆ ಕ್ಯಾನು ವಾಪಸ್ ಕಳಿಸಿ.

ಈ ಮಾತು ಹಾಲು ಸಂಘದ ಡೈರೆಕ್ಟರಿಗೆ ಹಿಡಿಸಿತು. ಗಾಜಿನ ಆಚೆಯ ಕೋಣೆಯಲ್ಲಿ ಮೈಕಿನ ಮುಂದೆ ಅನಸೂಯಮ್ಮ, ಈಚೆಗೆ ಮಿಣುಕು ದೀಪಗಳ ಮುಂದೆ ನಟರಾಜ, ಪಕ್ಕದಲ್ಲಿ ಹೆಡ್‌ಫೋನ್ ಹಾಕಿಕೊಂಡು, ಕೈ ಕಟ್ಟಿಕೊಂಡು ಪುಟ್ಟರಾಜು. ಒಂದು ಗುಂಡಿ ಒತ್ತಿ ಹಿಡಿದರೆ ಈಚೆಯ ಮಾತು ಆಚೆಗೆ ಕೇಳುತ್ತದೆ ಎಂದು ನಟರಾಜ ತೋರಿಸಿಕೊಟ್ಟ. ತೋರಿಸಬಾರದಿತ್ತು.

ಪುಟ್ಟರಾಜು: ಇದೇನಪ್ಪಾ, ಇವ್ಳ ಉಸಿರು ನನ್ನ ಕಿವಿ ಒಳಗೇ ಕೇಳ್ತಾ ಅದೆ! ನಲವತ್ತು ವರ್ಷ ಒಟ್ಗೆ ಇದ್ರೂ ಇಷ್ಟು ಅತ್ರ ಬಂದಿರ್ನಿಲ್ಲ.

ನಟರಾಜ: ಅಮ್ಮ, ಶುರು ಮಾಡಿ.

ಅನಸೂಯಮ್ಮ ಕೆಮ್ಮಿದರು. ಸೆರಗು ಸರಿ ಮಾಡಿಕೊಂಡರು. ಬಾಯಿ ತೆರೆದರು. ಬಂದದ್ದು ಶಾಲೆಯಲ್ಲಿ ಪದ್ಯ ಒಪ್ಪಿಸುವ ಮಗುವಿನ ದನಿ.

ಅನಸೂಯಮ್ಮ: ಆಗ್ತಾ ಇಲ್ಲ ಸಾ. ಗ್ವಾಡೆಗೆಲ್ಲ ಸ್ಪಂಜು ಬಡ್ದಿದ್ದೀರಿ, ನನ್ನ ದನಿ ನಂಗೇ ತಿರುಗಿ ಬರಾಕಿಲ್ಲ. ಎದುರಿಗೆ ಹೆಣ್ಣಿಲ್ಲ, ಹಸೆ ಇಲ್ಲ. ಯಾರನ್ನ ಅಂತ ಕರೀಲಿ?

ಇಂಥದ್ದಕ್ಕೆ ನಟರಾಜನ ಬಳಿ ಹತ್ತು ಉಪಾಯಗಳಿದ್ದವು. ದೀಪ ಸಣ್ಣದು ಮಾಡಿದ. ತಂಬೂರಿ ಶ್ರುತಿ ಬಿಟ್ಟ. ಮದುವೆ ಮನೆಯ ಗದ್ದಲವನ್ನು ಹಳೆಯ ಧ್ವನಿಮುದ್ರಣದಿಂದ ತೆಗೆದು ಅವರ ಕಿವಿಗೆ ಹಾಕಿದ. ತಾನೇ ಒಳಗೆ ಹೋಗಿ, ತಲೆಯ ಮೇಲೆ ಟವೆಲು ಹೊದ್ದು, ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಎದುರಿಗೆ ಕೂತ. ಅನಸೂಯಮ್ಮನವರಿಗೆ ನಗು ಬಂತೇ ಹೊರತು ಪದ ಬರಲಿಲ್ಲ. ಕೊನೆಗೆ ಅವರ ಕಣ್ಣು ತುಂಬಿತು. ಗಾಜಿನಾಚೆ ಅದನ್ನು ನೋಡಿದ ಪುಟ್ಟರಾಜು ಗುಂಡಿ ಒತ್ತಿದ.

ಪುಟ್ಟರಾಜು: ನಾನ್ ಏಳ್ನಿಲ್ವಾ? ಸುಮ್ನೆ ಊರಿಗೆ ಓಗಾನ ಬಾ ಅತ್ಲಾಗೆ. ಬರಾಕಿಲ್ಲ ಅಂದ್ರೆ ಬರಾಕಿಲ್ಲ. ನಿನ್ನ ಪದ ಇಲ್ದೇನೂ ಮದ್ವೆಗಳು ನಡೀತವೆ.

ಅನಸೂಯಮ್ಮ: ಏನಂದ್ರಿ?

ಪುಟ್ಟರಾಜು: ನಡೀತವೆ ಅಂದೆ.

ಅನಸೂಯಮ್ಮ: ನಡೀತವೆ! ನಡೀದೇ ಏನು? ನಮ್ಮ ಮದ್ವೇಲಿ ನಿಮ್ಮನ್ನ ಹಸೆಗೆ ಕರ್ದು ಕರ್ದು ನಮ್ಮತ್ತೆ ಗಂಟಲು ಕಟ್ತು, ನೀವು ಇಸ್ಪೀಟು ಎಲೆ ಕೈಲಿ ಇಡ್ಕಂಡೇ ಬಂದ್ರಲ್ಲ, ನಿಮಗೆ ಪದದ ಬೆಲೆ ಏನು ಗೊತ್ತು? ನನ್ನ ಪದ ಬ್ಯಾಡ್ವಾ? ನನ್ನ ಅಡುಗೆ ಬೇಕು, ನನ್ನ ಕೈ ಕಾಫಿ ಬೇಕು, ಎಮ್ಮೆ ಕಳ್ದೋದ್ರೆ ಊರಾಚೆ ತಂಕ ಕೇಳೋವಂಗೆ ಕೂಗಾಕೆ ನನ್ನ ದನಿ ಬೇಕು. ಪದ ಮಾತ್ರ ಬ್ಯಾಡ! ಇನ್ನೊಂದು ದಪ ಅಂದ್ ನೋಡಿ, ಈ ಕಡ್ಡಿ ಮೈಕು ಕಿತ್ಕಂಡು ಗಾಜು ಒಡ್ದಾಕಿ ಅಲ್ಗೇ ಬತ್ತೀನಿ!

ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಕುಣಿಯಿತು. ನಟರಾಜ ಎರಡೂ ಕೈಯಲ್ಲಿ ಹೆಡ್‌ಫೋನ್ ಒತ್ತಿ ಹಿಡಿದ. ಇದೇ ಕಂಠ! ಮೆಟ್ಟಿಲ ಮೇಲೆ ಕೇಳಿದ್ದು ಇದೇ. ಮೊದಲ ಮಾತಿಗೇ ಅವನ ಬೆರಳು ತಾನಾಗಿ ರೆಕಾರ್ಡ್ ಗುಂಡಿಯ ಮೇಲೆ ಬಿದ್ದಿತ್ತು. ಅವನು ಮಾತಿನ ಗುಂಡಿಯಿಂದ ಪುಟ್ಟರಾಜುವಿನ ಕೈ ಎತ್ತಿ ಪಿಸುಗುಟ್ಟಿದ.

ನಟರಾಜ: ಯಜಮಾನ್ರೇ, ನೀವು ಇಲ್ಲಿ ಬೇಡ. ಒಳಗೆ ಹೋಗಿ, ಅವರ ಎದುರಿಗೆ ಕೂತ್ಕೊಳ್ಳಿ.

ಪುಟ್ಟರಾಜು: ಯಾಕೆ, ಒದೆ ತಿನ್ನಾಕಾ?

ನಟರಾಜ: ಎದುರಿಗೆ ಮದುವೆ ಹೆಣ್ಣಿಲ್ಲ ಅಂತ ಅವರಿಗೆ ಪದ ಬರ್ತಾ ಇಲ್ಲ. ನೀವಾದ್ರೆ ಒಂದು ಸಲ ಹಸೆಗೆ ಕರೆಸಿಕೊಂಡೋರು. ಕರೆದ್ರೆ ಬರದೆ ಸತಾಯಿಸಿದೋರು.

ಪುಟ್ಟರಾಜು ಗೊಣಗುತ್ತಲೇ ಒಳಗೆ ಹೋಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಹೆಂಡತಿಯ ಮುಖ ನೋಡಲಿಲ್ಲ. ಮಂಡಿ ನೋಯುತ್ತಿತ್ತು, ಒತ್ತಿಕೊಂಡ. ಅನಸೂಯಮ್ಮ ಇನ್ನೂ ಏದುಸಿರು ಬಿಡುತ್ತಿದ್ದರು. ನೆರೆತ ಆ ತಲೆಯನ್ನು ಸ್ವಲ್ಪ ಹೊತ್ತು ನೋಡಿದರು. ಉಸಿರು ತಹಬಂದಿಗೆ ಬಂತು. ಯಾರೂ ಶುರು ಮಾಡಿ ಅನ್ನಲಿಲ್ಲ. ಅವರಾಗಿಯೇ ಎತ್ತಿಕೊಂಡರು.

"ಬಾರಯ್ಯ ಹಸೆಗೆ ಬಿಸಿಲೇರೋ ಮೊದಲೆ
ತೂಗು ಬಾಗಿಲ ತೆರೆದೀವಿ, ತುಂಬಿದ ಕೊಡ
ತಂದು ಇಟ್ಟೀವಿ ನಿನ್ನ ಹೆಸರಲ್ಲಿ..."

ಮೊದಲ ನುಡಿ ಮುಗಿಯಿತು. ಅಲ್ಲಿ ಹೆಂಗಸರ ದನಿಗೂಡಬೇಕಿತ್ತು. ಆಮೇಲೆ ಬೇರೆ ಹೆಂಗಸರ ದನಿ ಸೇರಿಸಿದರಾಯಿತು ಎಂದು ನಟರಾಜ ಲೆಕ್ಕ ಹಾಕಿದ್ದ. ಅಷ್ಟರಲ್ಲಿ ನೆಲದ ಕಡೆಯಿಂದ, ಒಡಕಲು ದನಿಯಲ್ಲಿ, ತಾಳಕ್ಕೆ ಸರಿಯಾಗಿ ಬಂತು:

"ಸೋಬಾನವೇ..."

ಅನಸೂಯಮ್ಮ ಬೆಚ್ಚಿದರು. ಆದರೂ ಪದ ಬಿಡಲಿಲ್ಲ. ಎರಡನೆಯ ನುಡಿಗೂ ಆ ದನಿ ಬಂತು, ಮೂರನೆಯದಕ್ಕೂ ಬಂತು. ಹೆಂಡತಿಯನ್ನು ಸೈಕಲ್ಲಿನಲ್ಲಿ, ಆಮೇಲೆ ಮೊಪೆಡ್ಡಿನಲ್ಲಿ ಮದುವೆ ಮದುವೆಗೆ ಕರೆದೊಯ್ದು, ಚಪ್ಪರದ ಮೂಲೆಯಲ್ಲಿ ಕಾಯುತ್ತ ಕೂರುತ್ತಿದ್ದ ಗಂಡಸಿಗೆ ಎಲ್ಲ ಪದಗಳೂ ಬಾಯಿಗೆ ಬರುತ್ತಿದ್ದವು. ಗಾಜಿನ ಈಚೆ ನಟರಾಜ ಏನನ್ನೂ ಮುಟ್ಟಲಿಲ್ಲ. ಕೆಳಗಿನ ಅಂಗಡಿಯವನು ಪಾತ್ರೆ ಬೀಳಿಸದಿದ್ದರೆ ಸಾಕೆಂದು ಬೇಡಿಕೊಳ್ಳುತ್ತ ಕೂತ. ಅವತ್ತು ಅವನ ಇಡೀ ಪ್ರೊಡ್ಯೂಸರ್‌ಗಿರಿ ಅಷ್ಟೇ.

ಹಾಡು ಮುಗಿದ ಮೇಲೆ ಇಬ್ಬರನ್ನೂ ಈಚೆಗೆ ಕೂರಿಸಿ ಕೇಳಿಸಿದ.

ಅನಸೂಯಮ್ಮ: ನಂದು ಪರವಾಗಿಲ್ಲ ಸಾ. ಮಧ್ಯೆ ಮಧ್ಯೆ ಇವ್ರದ್ದು ಒಸಿ ತೆಗ್ದಾಕಿ. ಬಾಯಿಗೆ ಮುದ್ದೆ ಇಟ್ಕಂಡು ಕೂಗ್ದಂಗೈತೆ.

ಪುಟ್ಟರಾಜು: ತೆಗೀಲಿ ನೋಡಾನ! ಬೆರೆಸ್ಬ್ಯಾಡಿ ಅಂದಿದ್ದೆ, ಈಗ ಕೆನೆ ತೆಗೀಬ್ಯಾಡಿ ಅಂತ ಏಳ್ತಾ ಇವ್ನಿ. ಎಸರೂ ಆಕ್ಬೇಕು. ದನಿಗೂಡಿಸಿದವರು, ಪುಟ್ಟರಾಜು, ಹಾಲು ಸಂಘದ ಡೈರೆಕ್ಟರು ಅಂತ.

ಅನಸೂಯಮ್ಮ: ಮರ್ಯಾದಸ್ತರು ಬರೋ ಜಾಗ ಅಲ್ಲ ಅಂದಿದ್ರಿ?

ಪುಟ್ಟರಾಜು: ಈಗ ನಾವು ಬಂದ್ವಲ್ಲ, ಸರಿ ಓಯ್ತು.

ಅನಸೂಯಮ್ಮ ಕೈಕಾಲು ತೊಳೆಯಲು ಹೋದಾಗ ಮುದುಕ ನಟರಾಜನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಮೊದಲ ಸಲ ದನಿ ತಗ್ಗಿಸಿದ.

ಪುಟ್ಟರಾಜು: ಸ್ವಾಮಿ, ಅವ್ಳು ಒಳಗಿಂದ ನಂಗೆ ಬೈದ್ಲಲ್ಲ, ಅದೂ ತುಂಬಿಕೊಂಡದಾ?

ನಟರಾಜ: ತುಂಬಿಕೊಂಡಿದೆ. ಬೇಡ ಅಂದ್ರೆ ಅಳಿಸಿಬಿಡ್ತೀನಿ.

ಪುಟ್ಟರಾಜು: ಅಯ್ಯೋ ಬ್ಯಾಡಿ. ಅದನ್ನ ನನ್ನ ಫೋನಿಗೆ ಕಳ್ಸಿ. ಪದ ಅಂದ್ರೆ ವರ್ಷದಾಗೆ ನಾಕೈದು ದಪ ಆಡ್ತಾಳೆ. ಬೈಯೋದು ದಿನಾ. ಆ ದನಿ ಓದ್ರೆ ನಾನು ಏನ್ ಮಾಡ್ಲಿ?

ನಟರಾಜ ಮತ್ತೆ ತನ್ನ ಕುರ್ಚಿಗೆ ಬಂದ. ಹಸೆ ಪದವನ್ನೂ ಬೈಗುಳವನ್ನೂ ಮುದುಕನ ಫೋನಿಗೆ ಅಲ್ಲೇ ಕಳಿಸಿದ. ಸ್ಟುಡಿಯೋದಿಂದ ಹೊರಹೋಗುವ ಎಲ್ಲಕ್ಕೂ ಹಾಕುವಂತೆ ಎರಡಕ್ಕೂ ತನ್ನ ಹೆಸರು, ಫೋನ್ ನಂಬರು ಹಾಕಿಯೇ ಕಳಿಸಿದ.

ಆಪರೇಷನ್ ಚೆನ್ನಾಗಿ ಆಯ್ತು ಎಂದು ಮುಂದಿನ ವಾರ ಪುಟ್ಟರಾಜು ಫೋನ್ ಮಾಡಿ ಹೇಳಿದ. ಕೆಲವು ದಿನ ಒಂದು ಮಾತೂ ಆಡಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ, ದನಿ ಹೇಗಿದೆಯೋ ಇನ್ನೂ ಗೊತ್ತಿಲ್ಲ ಅಂದ. ನಟರಾಜ ಇತ್ತ ಹಸೆ ಪದವನ್ನು ಹದ ಮಾಡುತ್ತ ಕೂತಿದ್ದ. ಒಂದು ತಂಬೂರಿ ಬಿಟ್ಟು ಬೇರೇನನ್ನೂ ಸೇರಿಸಲಿಲ್ಲ. ಇದು ಹೊರಗೆ ಬಂದರೆ ಇನ್ನು ಮೇಲೆ ನಾಲ್ಕೂ ತಾಲ್ಲೂಕಿನಲ್ಲಿ ಹಸೆ ಪದದ ನಟರಾಜ ಎಂದು ಕರೆಯುತ್ತಾರೆ ಎಂದು ಮನಸ್ಸಿನಲ್ಲೇ ಹಿಗ್ಗುತ್ತಿರುವಾಗ ಫೋನ್ ಬಂತು. ಹೊಳೆನರಸೀಪುರದಿಂದ ಯಾರೋ.

— ಅಲೋ, ಬೈಗುಳದ ನಟರಾಜರಾ?

ನಟರಾಜ: ಯಾವ ನಟರಾಜ?

— ಬೈಯೋದ್ನ ರೆಕಾರ್ಡ್ ಮಾಡ್ಕೊಡ್ತಾರಲ್ಲ, ಅವ್ರು. ಭಾಳ ಚೆನ್ನಾಗೈತೆ ಸಾ. ನಮ್ಮನೆಯವ್ಳದ್ದೂ ಒಂದು ಮಾಡ್ಬೇಕಿತ್ತು. ಕರ್ಕಂಡು ಬರ್ಲಾ, ಇಲ್ಲ ನೀವೇ ಬತ್ತೀರಾ?

ಅದಾದ ಮೇಲೆ ಚನ್ನರಾಯಪಟ್ಟಣದಿಂದ ಒಬ್ಬ ಸೊಸೆ. ಅವರತ್ತೆಯ ಬೈಗುಳಕ್ಕೆ ಹಿನ್ನೆಲೆ ಸಂಗೀತವೂ ಬೇಕಂತೆ. ಆಮೇಲೆ ಅರಕಲಗೂಡಿನವರು. ನಟರಾಜ ತಲೆ ಹಿಡಿದುಕೊಂಡು ಕೂತಿದ್ದಾಗ ಪುಟ್ಟರಾಜುವಿನದೇ ಫೋನ್ ಬಂತು.

ಪುಟ್ಟರಾಜು: ಸ್ವಾಮಿ, ಒಂದು ಎಡವಟ್ಟಾಯ್ತು. ಹಾಲು ಸಂಘದ ಗ್ರೂಪಿಗೆ ಅಂತ ನಮ್ಮ ಹಸೆ ಪದ ಕಳ್ಸಾಕೋದೆ. ಕನ್ನಡಕ ಇರ್ನಿಲ್ಲ. ಅದರ ಕೆಳಗಿಂದು ಓಗ್ಬುಟ್ಟಿದೆ.

ನಟರಾಜ: ಗೊತ್ತಾಯ್ತು ಯಜಮಾನ್ರೇ. ನಾಲ್ಕು ತಾಲ್ಲೂಕಿಗೂ ಗೊತ್ತಾಯ್ತು. ಅಮ್ಮನಿಗೆ?

ಪುಟ್ಟರಾಜು: ಈಗ್ತಾನೆ ನರ್ಸು ಬಂದು, ಅಮ್ಮ ನೀವೇನಾ ಗಾಜು ಒಡ್ದಾಕ್ತೀನಿ ಅನ್ನೋರು ಅಂತ ಕೇಳಿದ್ಲು. ಅದಕ್ಕೆ ಇವ್ಳು...

ಮುಂದಿನ ಮಾತು ಕೇಳಿಸಲಿಲ್ಲ. ಹಿಂದಿನಿಂದ ಇನ್ನೊಂದು ದನಿ ಬಂದು ಅದನ್ನು ನುಂಗಿ ಹಾಕಿತು. ಸ್ವಲ್ಪ ದೊರಗು, ಅಂಚಿನಲ್ಲಿ ಸಣ್ಣ ನಡುಕ. ಆದರೆ ನಡುವೆ ಅದೇ ತುಂಬಿದ ಕೊಡ. ನಟರಾಜ ಕುರ್ಚಿಯಿಂದ ಎದ್ದು ನಿಂತ. ಆಸ್ಪತ್ರೆಯ ಹಾಸಿಗೆಯಿಂದ ಆ ದನಿ ಫೋನನ್ನು ಕಿತ್ತುಕೊಂಡದ್ದೂ ತಿಳಿಯಿತು.

ಅನಸೂಯಮ್ಮ: ಸಾ! ನಾ ಬೈದದ್ದು ಊರಿಗೆಲ್ಲ ಓಗೈತಂತೆ?

ನಟರಾಜ: ತಪ್ಪಾಯ್ತಮ್ಮ, ಎಲ್ಲ ಕಡೆಯಿಂದ ತೆಗೆಸ್ತೀನಿ...

ಅನಸೂಯಮ್ಮ: ತೆಗಿಸೋದ್ಯಾಕೆ? ಓಗಿದ್ದು ಓಯ್ತು. ನರ್ಸು ನಂಗೂ ಕೇಳಿಸಿದ್ಲು. ಅದ್ರಲ್ಲಿ ಇವ್ರ ಮಾತು ಯಾಕೆ ಮಡಗಿದ್ರಿ? ಮೊದ್ಲಿಗೆ ಇವ್ರು ಬಾಯಿ ಆಕಿರೋದ್ರಿಂದ ನಾನು ಶುರು ಮಾಡೋದೇ ಸರಿಯಾಗಿ ಕೇಳಾಕಿಲ್ಲ. ಇಸ್ಪೀಟಿನ ವಿಚಾರ ಪೂರ್ತಿ ಏಳೇ ಇಲ್ಲ. ಊರಿಗೆ ಓಗೋ ಮೊದ್ಲು ಇನ್ನೊಂದು ದಪ ನೀಟಾಗಿ ಮಾಡ್ಬುಡಾನ. ಇವ್ರನ್ನ ಗಾಜಿನಾಚೆ ಕೂರ್ಸಿ, ಗುಂಡಿ ಮಾತ್ರ ಕೈಗೆ ಕೊಡ್ಬ್ಯಾಡಿ.

ನಟರಾಜನಿಗೆ ನಗುವೂ ಬಂತು, ಕಣ್ಣೂ ಮಂಜಾಯಿತು.

ನಟರಾಜ: ಆಗಲಮ್ಮ. ಆದ್ರೆ ಡಾಕ್ಟ್ರು ಮಾತಾಡಬಾರದು ಅಂದಿದ್ದಾರಲ್ಲ?

ಅನಸೂಯಮ್ಮ: ಅಂದವ್ರೆ ಸಾ. ನಾನೆಲ್ಲಿ ಮಾತಾಡ್ತಾ ಇವ್ನಿ? ಬೈಯ್ತಾ ಇವ್ನಿ ಅಷ್ಟೇಯ.